ಮೇಜಿನ ನಡುವೆ ಒಂದು ಗೋಡೆ

ಏಪ್ರಿಲ್ ಬಂದರೂ ಡುಲೂತಿನ ಸರೋವರಕ್ಕೆ
ಮಂಜುಗಡ್ಡೆ ಬಿಟ್ಟುಕೊಡುವ ಮನಸ್ಸಿಲ್ಲ.
ನಾಳೆ ಈಸ್ಟರ್. ಊಟಕ್ಕೆ ಒಂಬತ್ತು ಮಂದಿ,
ಅದರಲ್ಲಿ ಇಬ್ಬರು ಮಾತು ಬಿಟ್ಟು ಆರು ವರ್ಷ.

ಆರ್ಡಿಸ್ ನನ್ನ ಅಕ್ಕ, ಲೆಂಪಿ ನನ್ನ ತಂಗಿ.
ಅಮ್ಮನನ್ನು ಮಣ್ಣು ಮಾಡಿ ಬಂದ ವಾರ
ಕಾಫಿ ಕೆಟಲಿನಿಂದ ಶುರುವಾದದ್ದು.
ನೀಲಿ ಎನಾಮಲ್, ಮೂತಿ ಸೀಳಿದೆ,
ಒಲೆಯ ಮೇಲಿಟ್ಟರೆ ಸೋರುತ್ತದೆ.
ಅದೀಗ ಯಾರ ಮನೆಯಲ್ಲಿದೆಯೋ
ಅವರೂ ಅದರಲ್ಲಿ ಕಾಫಿ ಮಾಡುವುದಿಲ್ಲ.
ಎಣ್ಣೆ ಸೀಗೆಕಾಯಿ ಎಂದರೆ ಕಡಿಮೆಯಾಯಿತು:
ಅವೆರಡೂ ಒಂದೇ ತಲೆಯ ಮೇಲಾದರೂ ಸೇರುತ್ತವೆ.

ಮನೆ ನನ್ನದು, ಅಡುಗೆ ನನ್ನದು,
ಹಾಗಾಗಿ ಇಬ್ಬರೂ ಬರುತ್ತಾರೆ, ಎದುರುಬದುರು ಕೂರುತ್ತಾರೆ,
ಉಪ್ಪಿನ ಡಬ್ಬಿಯನ್ನು ಮಕ್ಕಳ ಕೈಯಲ್ಲಿ ದಾಟಿಸುತ್ತಾರೆ.
ಹೋದ ವರ್ಷ ಬರೀ ಟ್ಯುಲಿಪ್ ಇಟ್ಟಿದ್ದೆ.
ದಳಗಳ ಸಂದಿಯಲ್ಲಿ ಕಣ್ಣಿಗೆ ಕಣ್ಣು ತಾಗಿ
ಊಟವೇ ಕೆಟ್ಟಿತು.
ಈ ಸಲ ಎತ್ತರ ಬೇಕು.

ಮೂವತ್ತೊಂದು ವರ್ಷ ಬಂದರಿನ ಅದಿರುಕಟ್ಟೆಯ ಮೇಲೆ ನಿಂತು
ಹಡಗಿನ ಹೊಟ್ಟೆಗೆ ಕಬ್ಬಿಣದ ಉಂಡೆ ಸುರಿಸಿದವನು ನಾನು.
ಒಂದೇ ಮಗ್ಗುಲಿಗೆ ಸುರಿದರೆ ಎಂಥ ಹಡಗೂ ವಾಲುತ್ತದೆ.
ಅದೇ ಕೈ ಈಗ ಗಾಜಿನ ಜಾಡಿಯೊಳಗೆ ಲೋಟವೊಂದನ್ನು ನಿಲ್ಲಿಸಿ
ಎರಡರ ನಡುವಿನ ಸಂದಿಗೆ ಜೆಲ್ಲಿ ಬೀನ್ಸ್ ಸುರಿಯುತ್ತಿದೆ,
ಸುತ್ತ ತಿರುಗಿಸುತ್ತ, ಹಿಡಿ ಹಿಡಿಯಾಗಿ,
ಹಳದಿಯ ಮೇಲೆ ಗುಲಾಬಿ, ಗುಲಾಬಿಯ ಮೇಲೆ ಹಸಿರು.
ಕಪ್ಪನ್ನು ಹೆಕ್ಕಿ ತಟ್ಟೆಗೆ. ಅದು ಯಾರಿಗೂ ಬೇಡ.
ನನಗೊಬ್ಬನಿಗೆ ಬೇಕು; ತಟ್ಟೆ ತುಂಬುವುದೇ ಇಲ್ಲ.

ಜಾಡಿಯ ಸುತ್ತ ಮಾರ್ಷ್‌ಮೆಲೋ ಕೋಳಿಮರಿಗಳು,
ಮೈತುಂಬ ಸಕ್ಕರೆ, ಭುಜಕ್ಕೆ ಭುಜ.
ಒಂದು ರಾತ್ರಿ ಗಾಳಿಗಿಟ್ಟು ಒಣಗಿದ ಮರಿಯೇ ಆಗಬೇಕು,
ಹಸಿ ಮರಿ ಹೊರೆ ತಾಳದು.
(ಇದನ್ನು ಕಲಿಯಲು ಒಂದು ಸಾಲೇ ಕುಸಿಯಿತು.)
ಮೊಟ್ಟೆಯ ಬಿಳಿಗೆ ಸಕ್ಕರೆ ಪುಡಿ ಕಲಸಿದ ಗಾರೆ,
ಎರಡನೆಯ ಸಾಲು, ಐದನೆಯ ಸಾಲು,
ನೆತ್ತಿಗೆ ಒರಗಿದ ಟೊಳ್ಳು ಚಾಕಲೇಟ್ ಮೊಲ,
ಲೋಟದ ನೀರಲ್ಲಿ ನಾಲ್ಕು ಡ್ಯಾಫೊಡಿಲ್.
ಆ ಕುರ್ಚಿಯಲ್ಲಿ ಕೂತು ನೋಡಿದೆ. ಈ ಕುರ್ಚಿ ಕಾಣಲಿಲ್ಲ.
ಇಪ್ಪತ್ತಾರು ಅಂಗುಲ. ಸಾಕು.

ಭಾನುವಾರ.
ಗೋಡೆಯ ಆಚೆ ಆರ್ಡಿಸ್, ಈಚೆ ಲೆಂಪಿ.
ಆರು ವರ್ಷದಲ್ಲಿ ಮೊದಲ ಸಲ ಇಬ್ಬರೂ
ಎರಡನೆಯ ತುಂಡು ಮಾಂಸ ಕೇಳಿ ಹಾಕಿಸಿಕೊಂಡರು.
ನಾನು ಮೀಸೆಯೊಳಗೇ ನಕ್ಕೆ.

ಲೆಕ್ಕಕ್ಕೆ ಸಿಗದವನು ಓಟೊ,
ಲೆಂಪಿಯ ಮೊಮ್ಮಗ, ಮುಂದಿನ ಎರಡು ಹಲ್ಲಿಲ್ಲ.
ಬಟಾಣಿ ಮುಟ್ಟಲಿಲ್ಲ. ಮೇಜುಬಟ್ಟೆಯ ಅಂಚಿನಿಂದ
ಒಂದು ಕೈ ಬರುತ್ತದೆ, ಒಂದು ಮರಿ ಹೋಗುತ್ತದೆ.
ಅದೂ ಕೆಳಗಿನ ಸಾಲಿನಿಂದ.
ಹೊರೆ ಬಲ್ಲ ನಾನಾದರೂ ನೋಡಬೇಕಿತ್ತು.
ಮೊಲ ವಾಲಿತು,
ಹಡಗು ವಾಲುವ ಹಾಗೆ, ನಿಧಾನಕ್ಕೆ, ಮರ್ಯಾದೆಯಿಂದ,
ಕಿವುಚಿದ ಆಲೂಗಡ್ಡೆಯ ಬೋಗುಣಿಗೆ ಮುಖವಡಿಯಾಗಿ ಬಿತ್ತು.

ಗೋಡೆಯಲ್ಲೊಂದು ಕಿಂಡಿ.
ಕಿಂಡಿಯಲ್ಲಿ ಅಕ್ಕನ ಅರ್ಧ ಮುಖ, ತಂಗಿಯ ಅರ್ಧ ಮುಖ.
ಫೋರ್ಕುಗಳು ನಿಂತವು.

ಲೆಂಪಿ ಕಿವಿ ಹಿಡಿದು ಮೊಲವನ್ನು ಎತ್ತಿದಳು,
ಅಂಟಿದ ಆಲೂಗಡ್ಡೆಯನ್ನು ನೆಕ್ಕಿ ನೋಡಿದಳು.
“ಉಪ್ಪು ಜಾಸ್ತಿ,” ಅಂದಳು, ಯಾರಿಗೂ ಅಲ್ಲ.
“ಅವನ ಕೈಗೆ ಅಂದಾಜು ಯಾವತ್ತು ಇತ್ತು,”
ಅಂದಳು ಆರ್ಡಿಸ್, ಮೊಲಕ್ಕೆ.

ಅಷ್ಟೇ. ಕೆಟಲಿನ ಸುದ್ದಿ ಬರಲಿಲ್ಲ.
ಕೋಟು ತೊಟ್ಟು ಹೊರಟಾಗಲೂ
ಒಬ್ಬಳು ಮುಂಬಾಗಿಲು, ಒಬ್ಬಳು ಹಿತ್ತಿಲು.

ರಾತ್ರಿ ಮೇಜು ಒರೆಸಿದೆ. ಬಟ್ಟೆಗೆಲ್ಲ ಹಳದಿ ಸಕ್ಕರೆ.
ಮರೆಯುವ ಮೊದಲು, ಮುಂದಿನ ವರ್ಷಕ್ಕೆಂದು,
ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಟ್ಟೆ:
ಗಾರೆ ಇನ್ನೂ ತೆಳ್ಳಗಿರಲಿ.
ಓಟೊನ ಕುರ್ಚಿ ಜಾಡಿಯ ಪಕ್ಕಕ್ಕೆ.