ಹೆಬ್ಬಟ್ಟು

ಸೋಲಾಪುರದ ಮಗ್ಗ ನನ್ನ ಬಲಗೈ ಹೆಬ್ಬಟ್ಟು ತಗೊಂತು,
ಒಂದು ಟಾವೆಲ್ಲಿನ ಅಂಚಿನಾಗ.
ಆ ಟಾವೆಲ್ಲು ಡ್ಯಾಮೇಜ್ ಮಾಲಿನಾಗ ಹೋತಂತ, ಅರ್ಧ ರೇಟಿಗೆ.
ಯಾರೋ ಮಾರಿ ಒರಸ್ಕೊಂಡಿರಬೇಕು.

ಮಿರಜದ ಡಾಕ್ಟರು ಹನ್ನೊಂದು ತಾಸು ಕುಂತು
ಎಡಗಾಲಿಂದು ಕೊಯ್ದು ಬಲಗೈಗೆ ಹೊಲಿದ್ರು.
'ಅಂಗಠಾ' ಅಂದ್ರು, ನಾ 'ಹೆಬ್ಬಟ್ಟು' ಅಂದೆ.
ಕೈಯಿಂದೋ ಕಾಲಿಂದೋ ಅಂತ ಯಾರೂ ಬಿಡಿಸಿ ಹೇಳಲಿಲ್ಲ.
ಅವರ ಮಾತಿನಾಗೂ ಎರಡಕ್ಕೂ ಒಂದ ಹೆಸರು,
ನಮ್ಮ ಮಾತಿನಾಗೂ.

ದಪ್ಪ ಉಗುರು, ನಟ್ಟನಡುವ ಸೀಳು.
ಏಳನೇತ್ತಾ ಇದ್ದಾಗ ಮೈಂದರ್ಗಿ ದಾರ್ಯಾಗ ಎಡವಿದ್ದು.
ಕಾಲಾಗಿದ್ದಾಗ ಅದನ್ನ ನೋಡಿದವರ‍್ಯಾರು?
ಈಗ ದಿನಾ ಮುಂಜಾನೆ ಎದುರಿಗೆ ಬರ್ತದ,
ಚಹಾದ ಕಪ್ಪಿನ ಕಿವಿ ಹಿಡ್ಕೊಂಡು.

ಮೂರು ತಿಂಗಳು ಅದು ಇನ್ನೂ ಕಾಲ ಆಗಿತ್ತು.
ನೀರಾಗ ಅದ್ದಿದ್ರ ಹಳ್ಳಕ್ಕ ಇಳದಂಗ.
ಮಹಾನಂದಾನ ಗಲ್ಲ ಮುಟ್ಟಿದೆ,
ಹೊಸ್ತಿಲ ತುಳಿದಂಗಾಗಿ ಹಿಂದ ಎಳ್ಕೊಂಡೆ.
ಆಕಿ ಬಿಡಲಿಲ್ಲ, ಹಿಡದಳು.
'ಲಗ್ನದಾಗ ನನ್ನ ಕಾಲ ತುಳಿದಿದ್ದು ಇದ ಅಲ್ಲೇನು?
ಬರಲಿ, ಲೆಕ್ಕ ಅದ ಅದರ ಕೂಡ.'

ಅವ್ವ ಮಾತ್ರ ಎದುರಿಗೆ ಕುಂತು ಉಣ್ಣಂಗಿಲ್ಲ.
'ಕಾಲು ಹಚ್ಚಿ ರೊಟ್ಟಿ ಮುರೀತಾನ' ಅಂತಾಳ ಗ್ವಾಡಿಗೆ.
ವಿಭೂತಿಗೆ ಮೂರು ಬಟ್ಟು ಸಾಕು, ಅದನ್ನ ಮಡಚು, ಅಂತಾಳ.
ಮಡಚತೀನಿ.

ಅಣ್ಣನ ಮಗ ದಹಾವಿ ಪಾಸಾಗಿ ಬಂದು ಕಾಲು ಬಿದ್ದ.
ಅಂವ ಮುಟ್ಟಿದ ಪಾದದಾಗ ನಾಲ್ಕ ಬಟ್ಟು,
ಐದನೇದು
ಅವನ ತಲಿ ಮ್ಯಾಲ.

ರೇಶನ್ ಅಂಗಡ್ಯಾಗ ಗಾಜಿನ ಮ್ಯಾಲ ಇಟ್ಟೆ.
ಕೆಂಪು ದೀಪ. ಒರಸಿ ಇಟ್ಟೆ. ಕೆಂಪು.
'ಹೇ ತುಮಚಂ ನಾಹೀ' ಅಂದ ಅಂಗಡಿಯಂವ, ಇದು ನಿಂದಲ್ಲ.
ನಲವತ್ತೊಂದು ವರ್ಷ ನನ್ನ ಹೊತ್ಕೊಂಡು ನಡದದ್ದು
ನಂದಲ್ಲಂತ.
ಹಳೇದರ ಗುರುತು ಮಶೀನಿನಾಗ ಇನ್ನೂ ಜೀವಂತ ಅದ,
ನನ್ನ ಪಾಲಿನ ಗೋದಿ ಕಾಯ್ಕೊಂತ.

ಹೊಸಾ ಗುರುತಿನ ಫಾರ್ಮು ತುಂಬಿದೆ, ಮರಾಠಿಯೊಳಗ.
ಅಜ್ಜ ಓದಿದ್ದು ಕನ್ನಡ ಸಾಲಿ, ನಂದು ಮರಾಠಿ.
ಎಳಿ ಎಣಿಸೋದು ಮರಾಠಿಯೊಳಗ, ಬೈಯೋದು ತೆಲುಗಿನಾಗ
(ಮಗ್ಗದ ದೋಸ್ತರು ಕೊಟ್ಟದ್ದು),
ಕನಸಿನಾಗ ಮಾತಾಡೋದು ಅವ್ವನ ಕೂಡ.
ಬಟ್ಟು ಬಿದ್ದಾಗ ಒದರಿದ್ದು ಯಾವುದರಾಗೋ,
ನೆನಪಿಲ್ಲ.
ಬಾಯಾಗೂ ಎಲ್ಲೋ ಹೊಲಿಗಿ ಇರಬೇಕು,
ನಾಲಗಿ ತಿರುವಿ ಹುಡುಕತೀನಿ, ಸಿಗವಲ್ಲದು.

ನಿನ್ನೆ ಅಕ್ಕಲಕೋಟಿ ಸ್ಟ್ಯಾಂಡಿನಾಗ
ಓಡೂವಾಗ ಎಡಗಾಲ ಚಪ್ಪಲಿ ಕಳಚಿತು.
ಹಿಡಿಲಿಕ್ಕೆ ಬಟ್ಟಿಲ್ಲ, ಉಂಗುಟ ಖಾಲಿ.
ದುಧನಿ ಬಸ್ಸು ಹೋತು.
ಬಗ್ಗಿ ಎತ್ತಿದೆ.

ಬಟ್ಟು ತಾನ ಹೋಗಿ
ಉಂಗುಟದಾಗ ಕುಂತಿತು.
ನನ್ನ ಕೇಳಲೂ ಇಲ್ಲ.