ಬೆಲ್ಟು ಬದಲಿಸಿದ ಮೇಲೂ

"ಟೇಪು ಕೆಟ್ಟದೋ, ಹಾಡೇ ಹಿಂಗೋ, ಒಮ್ಮೆ ನೋಡ್ರಿ"
ಅಂತ ಕೌಂಟರಿನ ಗಾಜಿನ ಮೇಲೆ ಇಟ್ಟು ಹೋದಳು
ನೈಟ್ ಡ್ಯೂಟಿ ನರ್ಸ್ ಎಸ್ತೇರಮ್ಮ.
ಗಂಜಿನ ರಸ್ತೆ. ಏಪ್ರಿಲ್ ಮಧ್ಯಾಹ್ನ.
ತೊಗರಿ ಹೊಟ್ಟಿನ ಧೂಳು ಅಂಗಡಿಯೊಳಗಿನ ಬಿಸಿಲಲ್ಲೂ ಆಡುವ ಹೊತ್ತು.

ಹಾಕಿ ಕೇಳಿದೆ.
ಮೊದಲು ಚರಚರ, ಕಾದ ಎಣ್ಣೆಗೆ ಸಾಸಿವಿ ಬಿದ್ದಂಗ.
ಆಮೇಲೆ ಡ್ರಮ್ಮು,
ಎರಡು ಚೀಲ ಹೊತ್ತ ಹಮಾಲ ಮೆಟ್ಟಿಲು ಹತ್ತಿದ ಹಾಗೆ:
ಒಂದು ಹೆಜ್ಜೆ. ಉಸಿರು. ಇನ್ನೊಂದು ಹೆಜ್ಜೆ.
ತಳದಲ್ಲಿ ಬೇಸ್,
ದಾಲ್ ಮಿಲ್ಲಿನ ಗೋಡೆ ನಮ್ಮ ಗೋಡೆಗೆ ಏನೋ ಹೇಳುತ್ತಿರುತ್ತದಲ್ಲ, ಆ ಥರದ್ದು,
ಕಿವಿಗಿಂತ ಮೊದಲು ಕುರ್ಚಿಗೆ ತಿಳಿಯುವಂಥದ್ದು.
ಇಷ್ಟೆಲ್ಲದರ ಮೇಲೆ ಒಬ್ಬ ಹೆಣ್ಣುಮಗಳು
ಯಾರಿಗೂ ಎಚ್ಚರ ಆಗಬಾರದು ಅನ್ನುವಂತೆ ಹಾಡುತ್ತಿದ್ದಳು.

ಹೆಡ್ಡಿಗೆ ಸ್ಪಿರಿಟ್ ಒರೆಸಿದೆ.
ರೋಲರ್ ತೊಳೆದೆ. ಹೊಸ ಬೆಲ್ಟು ಹಾಕಿದೆ.
ಚರಚರ ಹೋಗಲಿಲ್ಲ.
ಹದಿನಾಲ್ಕು ವರ್ಷದಲ್ಲಿ ಯಾವ ಸದ್ದೂ
ನನಗೆ ಹೀಗೆ ಎದುರು ನಿಂತಿರಲಿಲ್ಲ.

ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಎರಡೇ ಶಬ್ದ: ಟ್ರಿಪ್ ಹಾಪ್.
ಟ್ರಿಪ್ ನನಗೆ ಗೊತ್ತು.
ಟೆಂಪೋದ ಮಸ್ತಾನಪ್ಪ ಸ್ಟೇಷನ್ನಿಗೆ ದಿನಕ್ಕೆ ಆರು ಹೊಡೆಯುತ್ತಾನೆ.
ಮಿಲ್ಲಿನವರು ಎರಡನೇ ಮೋಟಾರು ಹಚ್ಚಿದಾಗ
ಮೇನ್ ಸ್ವಿಚ್ಚು ತಾನಾಗಿ ಕೆಳಗೆ ಬೀಳುತ್ತದೆ, ಅದೂ ಟ್ರಿಪ್ಪೇ.
ಹಾಪ್ ಗೊತ್ತಿರಲಿಲ್ಲ.
ಕುಂಟಾಬಿಲ್ಲೆ ಇರಬೇಕು ಅಂದುಕೊಂಡೆ,
ಒಂಟಿಗಾಲಲ್ಲಿ, ಗೆರೆ ತುಳಿಯದೆ ದಾಟುವುದು.
ಅಷ್ಟೇನೂ ತಪ್ಪಿರಲಿಲ್ಲ ನಾನು.

ಸಂಜೆ ವೋಲ್ಟೇಜು ಕುಸಿಯಿತು.
ಕಟ್ಟೆಯ ಮೇಲೆ ಟೆಸ್ಟಿಗೆ ಓಡುತ್ತಿದ್ದ ಇನ್ನೊಂದು ಸೆಟ್ಟಿನಲ್ಲಿ
ಮದುವೆ ಬ್ಯಾಂಡು ನಿಧಾನವಾಯಿತು, ದಪ್ಪವಾಯಿತು,
ಶಹನಾಯಿಗೆ ಗಂಡು ದನಿ ಒಡೆಯಿತು,
ಮನೆ ಮುಟ್ಟುವ ಆಸೆಯನ್ನೇ ಬಿಟ್ಟ ಮೆರವಣಿಗೆ ಅದು ಈಗ.
ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೇ ನಿಂತಿತು.
ಕುಣಿಯಲಿಕ್ಕೆ ಮಾಡಿದ್ದನ್ನ ಇಷ್ಟು ನಿಧಾನ ಮಾಡಿದರ
ಒಳಗ ಯಾರೋ ಅಳೂದು ಕೇಳಸ್ತದ.

ಮರುದಿನ ಎಸ್ತೇರಮ್ಮ ತಮ್ಮನ ಪತ್ರ ತಂದಳು,
ಹಡಗಿನಲ್ಲಿ ಅಡುಗೆಯವನು, ಟೇಪು ಕಳಿಸಿದವನು.
ಬ್ರಿಸ್ಟಲ್ ಅಂತ ಒಂದು ಬಂದರಂತೆ.
ಒಂದು ಕಾಲಕ್ಕೆ ಮನುಷ್ಯರನ್ನೇ ಸರಕು ಮಾಡಿ
ಸಾಗಿಸಿ ಸಾಗಿಸಿ ದೊಡ್ಡದಾದ ಊರು.
ಆಮೇಲೆಷ್ಟೋ ವರ್ಷಕ್ಕೆ ಆ ದೂರದ ದ್ವೀಪಗಳಿಂದ ಬಂದವರು
ಅದೇ ಊರಿನ ಓಣಿಗಳಲ್ಲಿ ಆಳೆತ್ತರ ಸ್ಪೀಕರ್ ಪೇರಿಸಿದರು.
ಅವರ ಮಕ್ಕಳು, ಓಣಿಯ ಬೇರೆ ಬಣ್ಣದ ಮಕ್ಕಳೂ ಕೂಡಿ
ಹಳೆಯ ತಟ್ಟೆಗಳಿಂದ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸಿ
ಕೌದಿ ಹೊಲಿದರು, ಗೀರುಗಳ ಸಮೇತ.
ಗೀರು ಒರೆಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

"ಈ ಹೆಸರು ಅವರು ಇಟ್ಟಿದ್ದಲ್ಲಂತ್ರಿ.
ಯಾವನೋ ಪತ್ರಿಕೆಯವ ಇಟ್ಟ. ಅವರಿಗೆ ಸೇರಂಗಿಲ್ಲಂತ."
ಇದೊಂದು ಮಾತು ಮಾತ್ರ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.
ನಮ್ಮ ಸ್ಟೇಷನ್ನಿನ ಹಳದಿ ಬೋರ್ಡಿಗೆ ಗುಲ್ಬರ್ಗಾ,
ನಮ್ಮವ್ವನ ಬಾಯಿಗೆ ಕಲಬುರ್ಗಿ.
ರೈಲು ಎರಡಕ್ಕೂ ನಿಲ್ಲುತ್ತಿತ್ತು.

"ಮತ್ತ ಇದನ್ನ ಯಾವಾಗ ಕೇಳ್ತೀರಿ?"
"ನಸುಕಿನ ಮೂರಕ್ಕ. ವಾರ್ಡು ಮಲಗಿರ್ತದ.
ಸಲೈನ್ ಹನಿ ಎಣಸ್ತಿರ್ತೀನಿ ನೋಡ್ರಿ,
ಅದೂ ಇದೂ ಒಂದs ಲೆಕ್ಕದಾಗ ಬೀಳ್ತಾವ."

ಬೆಲ್ಟಿನ ದುಡ್ಡು ತಗೊಂಡೆ, ಕೂಲಿ ಬ್ಯಾಡಂದೆ.
ರಸೀದಿಯಲ್ಲಿ 'ದೋಷ' ಅಂತಿದ್ದ ಕಡೆ ಏನು ಬರೆಯಲಿ,
ಖಾಲಿ ಬಿಟ್ಟೆ.

ಆಕೆ ರಸ್ತೆ ದಾಟುವಷ್ಟರಲ್ಲಿ
ಮಿಲ್ಲಿನವರು ಎರಡನೇ ಮೋಟಾರು ಹಚ್ಚಿದರು.
ಸ್ವಿಚ್ಚು ಬಿತ್ತು. ಫ್ಯಾನು ಒಂದೊಂದೇ ರೆಕ್ಕೆ ತೋರಿಸುತ್ತ ಬಂತು.
ಎದ್ದು ಹೋಗಿ ಎತ್ತಬೇಕಿತ್ತು.
ಕೂತೇ ಇದ್ದೆ, ಇನ್ನೊಂದು ಸುತ್ತು.