ಬರೆದು ಕೊಡಿ

(ರೋಡ್ ಐಲೆಂಡ್, ಮಾರ್ಚ್ ೧೭೮೮)

ಅಪ್ಪನ ಬಲಗೈಗೆ ನಡುಕ. ಊರಿನ ಕರಣಿಕ ಅವನೇ,
ಅಕ್ಷರ ಮಾತ್ರ ನನ್ನವು. ಯಾರಿಗೂ ಹೇಳುವಂತಿಲ್ಲ.
ಹಾಳೆಯ ನಡುವೆ ಒಂದು ಗೆರೆ ಎಳೆದಿಟ್ಟೆ:
ಈಚೆ ‘ಹೌದು’, ಆಚೆ ‘ಇಲ್ಲ’.

ಸೈಡರು ಮಾರುವ ಮನೆಯಲ್ಲಿ ಸಭೆ.
ಒದ್ದೆ ಉಣ್ಣೆಯ ವಾಸನೆ, ಹುಳಿತೇಗು.
ನಾನು ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ಗರಿ ಹೆರೆಯುವ ನೆಪದಲ್ಲಿ.
ಫಿಲಡೆಲ್ಫಿಯಾದಿಂದ ಬಂದ ಕಾಗದ
ಕೈಯಿಂದ ಕೈಗೆ ಹೋಗಿ ಹೋಗಿ
ಅಂಚೆಲ್ಲ ಹಳೆ ಬಟ್ಟೆಯಂತೆ ಮೆತ್ತಗಾಗಿತ್ತು.

ದೋಣಿಯ ಪೆಲೆಗ್ ಎದ್ದ. ಎದ್ದರೆ ಕೂರುವವನಲ್ಲ.
“ಮೂವತ್ತು ಸಾವಿರ ಜನಕ್ಕೆ ಒಬ್ಬನಂತೆ!
ನನ್ನ ಹೊಳೆಯ ಸುಳಿ ಅವನಿಗೇನು ಗೊತ್ತು?
ಹಗ್ಗ ಹಿಡಿದವನು ದಡದಲ್ಲಿರಬೇಕು,
ಹತ್ತು ದಿನದ ದಾರಿಯಲ್ಲಲ್ಲ.
ಒಬ್ಬ ದೊರೆಯ ದಂಡನ್ನು ಹಡಗು ಹತ್ತಿಸಿದ್ದು
ಇನ್ನೊಬ್ಬನಿಗೆ ಹಾಸಿಗೆ ಹಾಸಲಿಕ್ಕೋ?”

ಪೀಪಾಯಿ ಕಟ್ಟುವ ಜೇಬೆಜ್ ಬೆಂಚಿಗೆ ಗುದ್ದಿದ:
“ಶಾಂತಿಯ ಕಾಲಕ್ಕೂ ಸೈನ್ಯವಂತೆ.
ಯಾರ ಮನೆಯ ಕೋಳಿ ತಿನ್ನಲಿಕ್ಕೆ?”

ಹಡಗಿನ ಯಜಮಾನ ಸ್ಯಾನ್‌ಫರ್ಡ್ ಬರಲೇ ಇಲ್ಲ.
ಅವನ ಕಡೆಯಿಂದ ಬಂದವರು ಇಬ್ಬರು,
ಅವನ ಅಂಗಡಿಯಲ್ಲಿ ಬಾಕಿ ಉಳಿದವರು.

ಕೊನೆಗೆ ನನ್ನಪ್ಪ. ದನಿ ಏರಿಸದವನು.
ನಡುಗುವ ಕೈಯನ್ನು ಇನ್ನೊಂದರಿಂದ ಅದುಮಿ ಹಿಡಿದು:
“ಒಳ್ಳೆಯವರೇ ಇರಬಹುದು.
ನಮ್ಮನ್ನು ಕಾಪಾಡಲೆಂದೇ ಕಟ್ಟಿರಬಹುದು.
ನಮಗೆ ಉಳಿಯುವುದು ಏನು ಎಂದು ಇದರಲ್ಲಿ ಎಲ್ಲಿದೆ?
ನಂಬಿ ಅಂತಾರೆ. ನಂಬಿಕೆ ನಾಲಿಗೆಯ ಮೇಲಿನ ಮಂಜು.
ಬರೆದು ಕೊಡಲಿ. ಆಮೇಲೆ ಸಹಿ.”

ಕೆಮ್ಮುತ್ತಿದ್ದವರೂ ಸುಮ್ಮನಾದರು.
ಒಲೆಗೆ ಸೌದೆ ಹಾಕುತ್ತಿದ್ದ ಕಫ್ ತಿರುಗಿ ನೋಡಿದ:
ಯುದ್ಧಕ್ಕೆ ಎಡಗಿವಿ ಕೊಟ್ಟು ಬಂದವನು,
ಬದಲಿಗೆ ಸಿಕ್ಕ ಬಿಡುಗಡೆಯ ಚೀಟಿಯನ್ನು
ಅಂಗಿಯ ಒಳಮೈಗೆ ಹೊಲಿದುಕೊಂಡವನು.
ಅವನ ಹೆಸರು ಗೆರೆಯ ಯಾವ ಕಡೆಗೂ ಬರಲಿಲ್ಲ.

ರಾತ್ರಿ ಬತ್ತಿ ಕುಳ್ಳಾಗುವವರೆಗೆ ಹೆಸರು ಇಳಿಸಿದೆ.
ಪ್ರತಿ ಹೆಸರಿನ ಮುಂದೆ ಮತ್ತೆ ‘ಇಲ್ಲ’ ಎಂದೇ ಬರೆಯಬೇಕು,
ಅಪ್ಪನ ಕಟ್ಟುನಿಟ್ಟು.
ಹಾಳೆ ಮುಗಿದು ಸಾಲು ಹಿಂಬದಿಗೆ ಹೊರಳಿತು.
ನೂರ ಎಪ್ಪತ್ತೊಂದು ಸಲ.
ಆ ಪದದ ತಿರುವು ಬೆರಳಿಗೆ ಪಾಠವಾಗಿಹೋಯಿತು.

ಬೂಟು ಕಳಚುತ್ತ ಅಪ್ಪ ಹೇಳಿದ:
“ಡಿಸೈರ್, ಸ್ಯಾನ್‌ಫರ್ಡ್‌ನ ಮಗ ನಿನ್ನನ್ನು ಕೇಳಿದ್ದಾನೆ.
ಪಕ್ಷ ಬೇರೆ ಇರಬಹುದು, ಹುಡುಗ ಒಳ್ಳೆಯವನು.”

“ಸೋದರತ್ತೆ ನನಗೆ ಬಿಟ್ಟುಹೋದ ಮಗ್ಗ?”
“ಅವನದಾಗುತ್ತದೆ. ಅದೇ ಕಾನೂನು.”
“ಕೆಂದ ಹಸು?”
“ಅದೂ.”
“ಈ ಬರವಣಿಗೆಗೆ ಊರು ಕೊಡುವ ನಾಲ್ಕು ಶಿಲಿಂಗು?”
ಅಪ್ಪ ನಕ್ಕ.
“ಮದುವೆಗೂ ಕರಾರೇ? ನಂಬಬೇಕು, ಮಗಳೇ.”

ಮಸಿ ಇನ್ನೂ ಒಣಗಿರಲಿಲ್ಲ.
ಹೊಸ ಹಾಳೆಯೊಂದನ್ನು ಅವನ ಮುಂದೆ ಸರಿಸಿದೆ,
ಗೆರೆ ಎಳೆಯಲಿಲ್ಲ.
ಗರಿಯನ್ನು ಅದ್ದಿ
ಆ ನಡುಗುವ ಕೈಗೇ ಕೊಟ್ಟೆ.